ಹುಲ್ಲುಗಾವಲಿನ ಗೊಬ್ಬರ, ಹಸುವಿನ ಉಣ್ಣೆ

ಹಸುವಿನ ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲಿನ ಬುಡದಲ್ಲಿ ಹರಳುಬೀಜದಂತೆ ಉಬ್ಬಿ ಕಚ್ಚಿಕೊಂಡಿರುವ ಉಣ್ಣೆಗಳನ್ನು ಕಂಡೊಡನೆ ಔಷಧದಂಗಡಿಗೆ ಧಾವಿಸುವ ಗೋಪಾಲಕರು, ಮೈಮೇಲೆ ಕಾಣುವ ಉಣ್ಣೆಗಳಿಗಿಂತ ಹಲವು ಪಾಲು ಹೆಚ್ಚಿನವು ಹುಲ್ಲಿನ ನಡುವೆ ಮರಿಗಳ ರೂಪದಲ್ಲಿ ಹಸಿದು ಕಾದಿರುತ್ತವೆಂಬುದನ್ನು ಮೊದಲು ಮನಗಾಣತಕ್ಕದ್ದು. ರಕ್ತ ಹೀರಿ ಉದುರಿದ ಒಂದೊಂದು ಹೆಣ್ಣುಣ್ಣೆಯೂ ನೆಲದಲ್ಲಿ ಸುಮಾರು 2,000 ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮರಿಗಳಾದರೋ ಹುಲ್ಲಿನ ತುದಿಗೇರಿ, ಹಾದುಹೋಗುವ ದನದ ಮೈಗೆ ತಗುಲಿ, ಸುಮಾರು 3 ವಾರಗಳಲ್ಲಿ ಬಲಿತು ಮತ್ತೆ ನೆಲಕ್ಕುದುರುತ್ತವೆ.

ಗೊಬ್ಬರವುಂಡು ಹುಲುಸಾಗಿ ಬೆಳೆದ ಹುಲ್ಲು ಹಾಲಿಗೆ ಎಷ್ಟು ಹಿತಕರವೋ, ಅದನ್ನು ಮೇಯಿಸದೆ ಎತ್ತರಕ್ಕೆ ಬಿಟ್ಟಲ್ಲಿ, ಬುಡದ ತೇವವನ್ನು ಕಾಪಾಡಿ ಉಣ್ಣೆಯ ಸಂತಾನಕ್ಕೂ ಅಷ್ಟೇ ಆಶ್ರಯವಾಗುತ್ತದೆ. ಆದುದರಿಂದ ಗೊಬ್ಬರ ಹಾಕಿದವನು ಗಾವಲನ್ನು ಬೇಲಿಯಿಂದ ವಿಭಾಗಿಸಿ ಸರದಿಯಂತೆ ಮೇಯಿಸುವುದೂ, ಮಿಕ್ಕ ಹುಲ್ಲನ್ನು ಸಕಾಲದಲ್ಲಿ ಕೊಯ್ದು ನೆಲಕ್ಕೆ ಬಿಸಿಲು ತಾಗಿಸುವುದೂ ಅತ್ಯಾವಶ್ಯಕ. ಯೂರಿಯಾ ಎರಚಿದ ಮೇಲೆ ಕಾಳುಗಳು ಮಳೆಯಲ್ಲಿ ಪೂರ್ತಿ ಕರಗಿ, ಹುಲ್ಲು ಚಿಗುರಿ ಬಲಿಯುವ ತನಕ, ಸುಮಾರು 3 ವಾರಗಳ ಕಾಲ, ದನಗಳನ್ನು ಅತ್ತ ಬಿಡಲೇಕೂಡದು. ಕಾಳುಗಳನ್ನು ನೆಕ್ಕಿದ ಹಸು ಹೊಟ್ಟೆಯುಬ್ಬರಿಸಿ, ನಡುಗಿ, ಕೆಲವೇ ಗಂಟೆಗಳಲ್ಲಿ ಪ್ರಾಣಬಿಡಬಹುದು. ಇದಕ್ಕಿಂತ ದಾರುಣವಾದ, ಆದರೂ ಸುಲಭವಾಗಿ ತಪ್ಪಿಸಬಹುದಾದ ನಷ್ಟ ಹೈನುಗಾರಿಕೆಯಲ್ಲಿ ವಿರಳ.

ಔಷಧವನ್ನು ಬೇಡವೆನ್ನಲಾಗದು; ಮಿಶ್ರತಳಿಯ ಹಸುಗಳಿಗೆ ಉಣ್ಣೆಯಿಂದ ಹರಡುವ ಥೈಲೇರಿಯಾ ಜ್ವರವು ಮಾರಕವಾದುದು. ಆದರೆ ಒಂದೇ ಔಷಧವನ್ನು ವರ್ಷಾನುಗಟ್ಟಲೆ ಬಳಿದರೆ ಉಣ್ಣೆಗಳು ಅದಕ್ಕೆ ಜಗ್ಗದಂತಾಗುತ್ತವೆ. ಯಾವುದನ್ನು, ಎಷ್ಟು ನೀರಿಗೆ, ಯಾವಾಗ ಬಳಿಯಬೇಕು, ಬಳಿದ ಮೇಲೆ ಎಷ್ಟು ದಿನ ಹಾಲನ್ನು ಉಪಯೋಗಿಸಕೂಡದು ಎಂಬುದನ್ನು ಪಶುವೈದ್ಯರಲ್ಲಿ ಕೇಳಿ ತಿಳಿಯಿರಿ. ಅಷ್ಟು ದಿನವೂ ಆ ಹಾಲನ್ನು ಡೇರಿಗೆ ಹಾಕದಿರಿ, ಮನೆಯ ಮಕ್ಕಳಿಗೂ ಕೊಡದಿರಿ.