ವಾರಾಹಿಯ ನಾಲ್ಕು ದುಡಿಮೆಗಳು

ಬೇಸಿಗೆಯ ನಡುವೆ ಹಾಲಾಡಿಗೆ ಬಂದು ವಾರಾಹಿಯ ದಡದಲ್ಲಿ ನಿಂತರೆ ನಮಗೆ ಒಂದು ಸೋಜಿಗ ಕಾಣುತ್ತದೆ. ಸುತ್ತಲಿನ ತೋಡುಗಳು ಒಣಗಿರುತ್ತವೆ. ಬಾವಿಗಳ ನೀರು ತಳ ಸೇರಿರುತ್ತದೆ. ಹೊಳೆಯಲ್ಲಿ ಮಾತ್ರ ಸಿಹಿನೀರು ಹರಿಯುತ್ತಿರುತ್ತದೆ. ಇದಕ್ಕೆ ಕಾರಣವೇನು?

ಮೊದಲು ನೀರಿನ ಕೊರತೆಯ ಕಾರಣವನ್ನು ತಿಳಿಯೋಣ. ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುತ್ತದೆ. ಆದರೆ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ ಬಿದ್ದು ಮುಗಿಯುತ್ತದೆ. ಇಲ್ಲಿಯ ಮುರಕಲ್ಲಿನ ನೆಲ ರಂಧ್ರಮಯವಾದುದು. ಹೀರಿದ ನೀರನ್ನು ಬಹುಕಾಲ ಹಿಡಿದಿಡದೆ ತೋಡುಗಳಿಗೆ ಬಿಟ್ಟುಕೊಡುತ್ತದೆ. ಘಟ್ಟಕ್ಕೂ ಕಡಲಿಗೂ ನಡುವಣ ಅಂತರ ಕಿರಿದಾದುದರಿಂದ ಆ ನೀರು ಬೇಗನೆ ಸಮುದ್ರದ ಪಾಲಾಗುತ್ತದೆ.

ವಾರಾಹಿಯ ಈ ಓಟವನ್ನು ತಡೆದಿರುವುದು ಘಟ್ಟದ ಮೇಲೆ, ಹೊಸನಗರ ತಾಲೂಕಿನಲ್ಲಿರುವ ಮಾಣಿ ಅಣೆಕಟ್ಟು. ಅಲ್ಲಿ ಕೂಡಿಟ್ಟ ಮಳೆನೀರು ಸುರಂಗ ಮತ್ತು ಕೊಳವೆಗಳ ಮೂಲಕ ನಾನೂರು ಮೀಟರಿಗೂ ಹೆಚ್ಚು ಕೆಳಕ್ಕೆ ಇಳಿದು, ಹೊಸಂಗಡಿಯ ಬಳಿ ನೆಲದೊಳಗಿರುವ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಸೆಕೆಂಡಿಗೆ ಒಂದು ಘನ ಮೀಟರು ನೀರು 400 ಮೀಟರು ಇಳಿದರೆ ದೊರೆಯುವ ಶಕ್ತಿ ಸುಮಾರು 3.9 ಮೆಗಾವಾಟ್, ಯಂತ್ರಗಳಲ್ಲಿ ಆಗುವ ನಷ್ಟವನ್ನು ಕಳೆದರೆ ಸುಮಾರು ಮೂರೂವರೆ ಉಳಿಯುತ್ತದೆ. ವಿದ್ಯುದಾಗಾರದ ನಾಲ್ಕು ಯಂತ್ರಗಳ ಒಟ್ಟು ಸಾಮರ್ಥ್ಯ 460 ಮೆಗಾವಾಟ್. ಇದು ಮೊದಲನೆಯ ದುಡಿಮೆ.

ಚಕ್ರ ತಿರುಗಿಸಿದ ನೀರು ಕಳೆದುಕೊಳ್ಳುವುದು ತನ್ನ ಎತ್ತರವನ್ನು ಮಾತ್ರ. ಅದು ಮರಳಿ ಹೊಳೆಗೆ ಬರುತ್ತದೆ. ಹಾಲಾಡಿಯಲ್ಲಿ ನಾವು ಬೇಸಿಗೆಯಲ್ಲಿ ಕಾಣುವ ಹರಿವಿನ ಗುಟ್ಟು ಇದೇ: ಅದು ಬಹುಮಟ್ಟಿಗೆ ಹಿಂದಿನ ಮಳೆಗಾಲದ ನೀರು.

ಎರಡನೆಯ ದುಡಿಮೆ ಗದ್ದೆಗಳಲ್ಲಿ. ವಾರಾಹಿ ನೀರಾವರಿ ಯೋಜನೆಗೆ 1979ರಲ್ಲಿ ಒಪ್ಪಿಗೆ ದೊರೆತರೂ ಎಡದಂಡೆ ಕಾಲುವೆಯಲ್ಲಿ ನೀರು ಹರಿದುದು 2015ರಲ್ಲಿ.

ಮೂರನೆಯದು ಪಟ್ಟಣದ ಬಾಯಾರಿಕೆಯನ್ನು ನೀಗುವುದು. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು ಬತ್ತಿ ಉಡುಪಿ ನಗರ ಸಂಕಟಕ್ಕೊಳಗಾಯಿತು. ಆ ನಗರಕ್ಕೆ ವಾರಾಹಿಯ ನೀರನ್ನು ಒಯ್ಯುವ ಯೋಜನೆಗೆ ಹಾಲಾಡಿಯ ಭರತ್ಕಲ್ ಎಂಬ ಸ್ಥಳವನ್ನು ಆರಿಸಲಾಯಿತು. ಹೊಳೆಯ ನೀರನ್ನು ಕುಡಿಯಲು ಯೋಗ್ಯವಾಗಿಸುವ ಕ್ರಮ ಸರಳವಾದುದು: ಪಟಿಕ ಬೆರೆಸಿದಾಗ ತೇಲುವ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ, ಉಳಿದುದನ್ನು ಮರಳಿನ ಹಾಸು ಸೋಸುತ್ತದೆ, ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ.

ಹಾಗಾದರೆ ಇನ್ನೂ ಮುಂದಕ್ಕೆ ಹರಿದು ಕಡಲು ಸೇರುವ ನೀರು ವ್ಯರ್ಥವೇ? ಅಲ್ಲ. ಗಂಗೊಳ್ಳಿಯ ಅಳಿವೆಯಲ್ಲಿ ಭರತದ ಹೊತ್ತಿಗೆ ಉಪ್ಪುನೀರು ಹೊಳೆಯೊಳಕ್ಕೆ ನುಗ್ಗುತ್ತದೆ. ಉಪ್ಪುನೀರು ಭಾರವಾದುದರಿಂದ ಸಿಹಿನೀರಿನ ಅಡಿಯಲ್ಲಿ ಸರಿಯುತ್ತಾ ಮೇಲಕ್ಕೆ ಬರುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದು ಹೊಳೆಯ ಹರಿವೇ. ಹರಿವು ಕುಗ್ಗಿದಷ್ಟೂ ಉಪ್ಪು ಮುಂದೊತ್ತಿ ದಡದ ಬಾವಿಗಳನ್ನೂ ಗದ್ದೆಗಳನ್ನೂ ಕೆಡಿಸುತ್ತದೆ. ಇದು ನಾಲ್ಕನೆಯ ದುಡಿಮೆ.

ಈ ನಾಲ್ಕಕ್ಕೂ ಆಧಾರ ಮಾಣಿಯ ಒಂದೇ ಸಂಗ್ರಹ. ಮಳೆ ಸೋತ ವರ್ಷ ನಾಲ್ಕಕ್ಕೂ ಒಟ್ಟಿಗೆ ಕೊರತೆ ಬರುವುದು. ಆದುದರಿಂದ ದೀಪದ ಲೆಕ್ಕ, ಗದ್ದೆಯ ಲೆಕ್ಕ, ನಲ್ಲಿಯ ಲೆಕ್ಕ ಎಂದು ಬೇರೆ ಬೇರೆ ಬರೆದರೆ ಸಾಲದು. ಅಳಿವೆಯ ಪಾಲನ್ನೂ ಸೇರಿಸಿ ಹೊಳೆಗೆ ಒಂದೇ ಲೆಕ್ಕವಿಡಬೇಕೆಂಬುದನ್ನು ನಾವು ಮರೆಯಬಾರದು.