ಡಾಂಬರು ಬಿಟ್ಟು ಇಳಿಯಬೇಡಿ

ಜೈಸಲ್ಮೇರಿಗೆ ಹೋದವರಲ್ಲಿ ಹೆಚ್ಚಿನವರು ಸಮ್ ಊರಿನ ಮರಳುದಿಬ್ಬ ಹತ್ತಿ, ಒಂಟೆ ಸವಾರಿ ಮಾಡಿ, ಸೂರ್ಯ ಮುಳುಗುವುದನ್ನು ನೋಡಿ ಹಿಂದಿರುಗುತ್ತಾರೆ. ದಿಬ್ಬ ಚೆಂದವೇ. ಆದರೆ ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರ್ ಹರಡಿಕೊಂಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ದಿಬ್ಬಗಳ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಕಲ್ಲುನೆಲ, ಗರಸಿನ ಬಯಲು, ಸೇವಣ ಹುಲ್ಲಿನ ಹರವು. ಪ್ರಾಣಿಪಕ್ಷಿಗಳ ಬದುಕೆಲ್ಲ ಹೆಚ್ಚಾಗಿ ಈ ಬಯಲಿನದು. ನಮ್ಮನೆಯವರು, ಮಗಳು, ಮಗ ಮತ್ತು ನಾನು ಎರಡು ಬೈಕಿನಲ್ಲಿ ಆ ಸೀಮೆ ಸುತ್ತಿ ಬಂದೆವು. ಅಲ್ಲಿಗೆ ಹೊರಟವರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಒಂದೇ ಮಾತು: ಡಾಂಬರು ಬಿಟ್ಟು ಇಳಿಯಬೇಡಿ.

ಬೈಕ್ ಓಡಿಸುವವರಿಗೆ ಇದು ರುಚಿಸುವುದಿಲ್ಲ. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಬಯಲು, ಅಡ್ಡ ಬರುವ ಗೋಡೆಯಿಲ್ಲ, ಗದ್ದೆಯಿಲ್ಲ. ಹ್ಯಾಂಡಲ್ ತಿರುಗಿಸಿದರೆ ಸಾಕು ಅನ್ನಿಸುತ್ತದೆ. ಆದರೆ ಅಲ್ಲಿ ಬದುಕಿರುವ ಜೀವಗಳಲ್ಲಿ ಬಹಳಷ್ಟು ನೆಲವನ್ನೇ ನಂಬಿವೆ. ರಾಜಸ್ಥಾನದವರು ಗೋಡಾವಣ ಎಂದು ಕರೆಯುವ, ನಮ್ಮ ಕಡೆಯ ಎರೆಭೂತ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಮರುಭೂಮಿ ನರಿಯ ಮನೆ ಬಿಲ. ಸೇವಣ ಹುಲ್ಲಿನ ಬುಡ ವರ್ಷಗಟ್ಟಲೆ ಬಾಳಿ ಮರಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದರ ಮೇಲೆ ಚಕ್ರ ಹಾಯಿಸಿದವರಿಗೆ ತಾವೇನು ಮುರಿದೆವೆಂದು ತಿಳಿಯುವುದೂ ಇಲ್ಲ.

ನಾವು ಹೋದದ್ದು ಫೆಬ್ರವರಿ ಕೊನೆಗೆ. ಬೇಕೆಂದೇ ಆರಿಸಿಕೊಂಡ ಸಮಯ. ಚಳಿಗೆ ವಲಸೆ ಬಂದ ಹದ್ದು, ರಣಹದ್ದುಗಳು ಇನ್ನೂ ಇರುತ್ತವೆ. ಅಷ್ಟರಲ್ಲಿ ನೆಲವೂ ಕಾಯತೊಡಗಿರುತ್ತದೆ. ನೆಲ ಕಾದರೆ ಮುಳ್ಳುಬಾಲದ ಹಲ್ಲಿಗಳು ಹೊರಬರುತ್ತವೆ. ಅಲ್ಲಿನವರು ಇವನ್ನು ಸಾಂಡಾ ಎನ್ನುತ್ತಾರೆ. ಚಳಿಗಾಲವಿಡೀ ಬಿಲದ ಬಾಯಿಗೆ ಮಣ್ಣು ಮೆತ್ತಿಕೊಂಡು ಒಳಗೆ ಮಲಗಿರುವ ಪ್ರಾಣಿ ಇದು. ಬಿಸಿಲೇರಿದ ಹೊತ್ತಿಗೆ ಒಂದು ಗಟ್ಟಿನೆಲದ ಪಕ್ಕ ಬೈಕ್ ನಿಲ್ಲಿಸಿ, ಎಂಜಿನ್ ಆರಿಸಿ, ರಸ್ತೆಯಂಚಿನಲ್ಲೇ ಕೂತೆವು. ಮೊದಲು ಬರೀ ತೂತುಗಳು ಕಂಡವು. ಅಲುಗದೆ ಕೂತಿದ್ದ ಮಗಳು ಪಿಸುಗುಟ್ಟಿದಳು: "ಅವ್ವಾ, ತಲಿ ಅಷ್ಟ ಕಾಣಾಕತ್ತೇತಿ!" ಆಮೇಲೆ ಒಂದೊಂದೇ ತಲೆ, ಮುಂಗಾಲು, ಕೊನೆಗೆ ಮುಳ್ಳಿನ ಉಂಗುರ ತೊಟ್ಟ ದಪ್ಪ ಬಾಲ. ಎಲೆ, ಹೂವು ತಿಂದು ಬದುಕುವ ಈ ಸಾಧು ಪ್ರಾಣಿಯನ್ನು ಅದರ ಕೊಬ್ಬಿನ ಎಣ್ಣೆಗಾಗಿ ಹಿಡಿದು ಕೊಲ್ಲುತ್ತಾರೆ. ಆ ಎಣ್ಣೆಯಿಂದ ನೋವು ಹೋಗುತ್ತದೆಂಬ ಸುಳ್ಳಿಗೆ ಎಷ್ಟು ಜೀವ ಹೋಗಿವೆಯೋ! ನೆನೆದರೆ ಹೊಟ್ಟೆ ಉರಿಯುತ್ತದೆ.

ಚಿಂಕಾರ ಕಲಿಸಿದ ಪಾಠ ಬೇರೆ. ಸಣ್ಣಗೆ ಒಂದೇ ಸಮ ಸದ್ದು ಮಾಡುತ್ತ ಹೋಗುವ ಬೈಕಿಗೆ ಅವು ತಲೆಯೆತ್ತಿ ನೋಡಿ ಮತ್ತೆ ಮೇಯುತ್ತವೆ. ಹತ್ತಿರ ಹೋಗಿ ಗಕ್ಕನೆ ನಿಲ್ಲಿಸಿ ಕಾಲು ಕೆಳಗಿಟ್ಟರೆ ಮುಗಿಯಿತು, ಬಾಲ ಬಡಿಯುತ್ತ ಓಟ. ಹಾಗಾಗಿ ದೂರದಲ್ಲೇ ನಿಲ್ಲಬೇಕು, ಇಲ್ಲವೇ ನಿಲ್ಲದೆ ಸಾಗಬೇಕು. ಓಡಿಸುವವರ ಕಣ್ಣು ರಸ್ತೆಯ ಮೇಲೆ. ಬಯಲು ನೋಡುವ ಕೆಲಸ ಹಿಂದೆ ಕೂತವರದು. ಹೆಲ್ಮೆಟ್ಟಿನೊಳಗೆ ಕೂಗಿದರೆ ಕೇಳದು. ಎಡಕ್ಕೇನಾದರೂ ಕಂಡರೆ ಎಡ ಭುಜ, ಬಲಕ್ಕಾದರೆ ಬಲ ಭುಜ ತಟ್ಟಬೇಕೆಂದು ಮಕ್ಕಳು ತಾವೇ ನಿಯಮ ಮಾಡಿಕೊಂಡರು. ನಾವು ಕಂಡ ಅರ್ಧಕ್ಕರ್ಧ ಪ್ರಾಣಿಗಳು ಅವರಿಂದಲೇ ಕಂಡವು.

ಸವಾರಿಯ ಮಟ್ಟಿಗೆ ಇನ್ನೊಂದೆರಡು ಮಾತು. ಗಾಳಿಗೆ ಮರಳು ರಸ್ತೆಯ ಮೇಲೆ ಹರಿದು ಬಂದಿರುತ್ತದೆ. ಅದಕ್ಕೆ ಮುಂಚೆಯೇ ವೇಗ ಇಳಿಸಿ, ಮರಳಿನ ಮೇಲೆ ಬ್ರೇಕ್ ಮುಟ್ಟದೆ ನೇರ ದಾಟಬೇಕು. ಸೈಡ್ ಸ್ಟ್ಯಾಂಡ್ ಹೂತುಹೋಗುತ್ತದೆ, ಕೆಳಗೊಂದು ಚಪ್ಪಟೆ ಕಲ್ಲು ಬೇಕು. ಒಂಟೆ, ದನಗಳು ರಸ್ತೆಯಲ್ಲೇ ನಿಂತಿರುತ್ತವೆ. ಕತ್ತಲಾದ ಮೇಲೆ ಓಡಿಸಲೇಬಾರದು. ಪೆಟ್ರೋಲನ್ನು ಜೈಸಲ್ಮೇರಿನಲ್ಲೇ ತುಂಬಿಸಿಕೊಳ್ಳಿ.

ಉದ್ಯಾನದೊಳಗೆ ಹಳ್ಳಿಗಳಿವೆ, ಕುರಿಮೇಕೆ ಮಂದಿಯಿದ್ದಾರೆ. ಒಂದು ಮನೆಯಲ್ಲಿ ಸಜ್ಜಿ ರೊಟ್ಟಿ, ಮಜ್ಜಿಗೆ, ಸಾಂಗರಿ ಪಲ್ಯ ಬಡಿಸಿದರು. ಸಾಂಗರಿಯೆಂದರೆ ಖೇಜಡಿ ಮರದ ಕಾಯಿ. ಖೇಜಡಿಯೆಂದರೆ ದಸರೆಯಲ್ಲಿ ನಾವು ಪೂಜಿಸುವ ಬನ್ನಿ. ನಾವು ವರ್ಷಕ್ಕೊಮ್ಮೆ ಎಲೆ ಹಂಚುವ ಮರ ಅಲ್ಲಿ ಜನಕ್ಕೆ ಊಟ, ಮೇಕೆಗೆ ಮೇವು, ಬೇಸಿಗೆಗೆ ನೆರಳು. ನಮ್ಮೂರಿಗೆ ಬಂದ ಮೇಲೂ ನನ್ನನ್ನು ಬಿಡದ ಸಂಗತಿ ಇದು.

ಇನ್ನು ಗೋಡಾವಣ. ಉದ್ಯಾನದಲ್ಲಿ ಸುದಾಸರಿ ಎಂಬಲ್ಲಿನ ಬೇಲಿಯೊಳಗೆ ಹೋಗಲು ಅನುಮತಿ ಬೇಕು. ಬೈಕುಗಳನ್ನು ಹೊರಗೇ ಬಿಟ್ಟು ಅರಣ್ಯ ಇಲಾಖೆಯ ಕಾವಲುಗಾರರ ಜತೆ ಹೋದೆವು. ಬಹಳ ದೂರದಲ್ಲಿ, ಬೈನಾಕ್ಯುಲರಿನಲ್ಲಿ, ಹುಲ್ಲಿನ ಮೇಲೆ ಕತ್ತೆತ್ತಿ ನಿಧಾನಕ್ಕೆ ನಡೆಯುವ ಒಂದು ಹಕ್ಕಿ. ನಾನು ರಾಣೆಬೆನ್ನೂರಿನವಳು. ನಮ್ಮಲ್ಲಿ 1974ರಲ್ಲಿ ಅಭಯಾರಣ್ಯವಾದಾಗ ಚಿಗರಿಯ ಜತೆ ಈ ಹಕ್ಕಿಯೂ ಇತ್ತು. ನಾನು ಅಲ್ಲಿ ಒಂದನ್ನೂ ನೋಡಿಲ್ಲ. ರಾಜ್ಯದಲ್ಲಿ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಇಡೀ ದೇಶದ ಬಯಲುಗಳಲ್ಲಿ ಇನ್ನೂರೂ ಇಲ್ಲ.

ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ. ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ನೇರ ಎದುರಿನ ತಂತಿ ತಡವಾಗಿ ಕಾಣುತ್ತದೆ. ಕಂಡರೂ ಅಷ್ಟು ಭಾರದ ಮೈ ಥಟ್ಟನೆ ತಿರುಗದು. ಜೈಸಲ್ಮೇರಿನ ಸುತ್ತ ಗಾಳಿಯಂತ್ರ, ಸೌರಫಲಕಗಳಿಂದ ಹೊರಟ ವಿದ್ಯುತ್ ತಂತಿಗಳು ಬೈಕ್ ಹೋದಲ್ಲೆಲ್ಲ ತಲೆಯ ಮೇಲೆ ಬರುತ್ತವೆ. ಈ ಹಕ್ಕಿಯ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿತ್ತು. 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಬಿಸಿಲಿನ ವಿದ್ಯುತ್ತು ಬೇಕು, ನಮ್ಮ ಮನೆಗೂ ಬೇಕು. ಆದರೂ ಇಷ್ಟೇ ಇಷ್ಟು ಉಳಿದ ಹಕ್ಕಿಯ ದಾರಿಯಲ್ಲಾದರೂ ತಂತಿ ನೆಲದೊಳಗೆ ಇಳಿಯಲೇಬೇಕೆಂದು ನಾನು ವಾದಿಸುತ್ತೇನೆ.

ಹೋಗುವ ಮನಸ್ಸಿದ್ದವರು ಕೇಳಿದರೆ ದಾರಿ, ಬಾಡಿಗೆ, ಊಟದ ಮನೆ ಎಲ್ಲ ಬರೆದು ಕೊಡುತ್ತೇವೆ. ಸಾಂಡಾ ಬಿಲಗಳು ಎಲ್ಲಿವೆ, ಹಕ್ಕಿ ಎಲ್ಲಿ ಕಂಡಿತು ಎನ್ನುವುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ನಾವು ತೆಗೆದ ಫೋಟೊಗಳಿಂದ ಜಾಗದ ಗುರುತನ್ನೂ ಮಗ ಅಳಿಸಿದ್ದಾನೆ.