ಬಡಿದದ್ದು ಕೈಗೆ ಗೊತ್ತಾಗಬೇಕು

ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಶುರುಮಾಡಿ ಹತ್ತು ವರ್ಷವಾಯಿತು. ಓದುವವರು ಕಡಿಮೆ, ಓದದೆ ಜಗಳಕ್ಕೆ ಬರುವವರು ಜಾಸ್ತಿ. ಇಷ್ಟು ವರ್ಷದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ‘ಬ್ಲೇಡ್ಸ್ ಆಫ್ ಫೈರ್’ ವಿಮರ್ಶೆ. ಮ್ಯಾಡ್ರಿಡ್ ಕಡೆಯ ಮರ್ಕ್ಯುರಿಸ್ಟೀಮ್ ಕಂಪನಿ ಮಾಡಿದ ಈ ಆಟ 2025ರ ಮೇ 22ರಂದು ಬಿಡುಗಡೆಯಾಯಿತು. ಕತೆ ಇಷ್ಟೇ: ನೆರಿಯಾ ಎಂಬ ರಾಣಿ ಮಂತ್ರ ಹಾಕಿ ಲೋಕದ ಉಕ್ಕನ್ನೆಲ್ಲ ಕಲ್ಲು ಮಾಡಿದ್ದಾಳೆ. ಅವಳ ಸೈನ್ಯದ ಹತ್ತಿರ ಮಾತ್ರ ಉಕ್ಕು ಉಳಿದಿದೆ. ಅರಾನ್ ಡಿ ಲಿರಾ ಎಂಬುವನಿಗೆ ಒಂದು ಪವಿತ್ರ ಸುತ್ತಿಗೆ ಸಿಗುತ್ತದೆ, ಜೊತೆಗೆ ದೇವರ ಕುಲುಮೆಗೆ ದಾರಿಯೂ ತೆರೆಯುತ್ತದೆ. ಬೇಕಾದ ಆಯುಧವನ್ನು ತಾನೇ ಬಡಿದು ಮಾಡಿಕೊಂಡು ಅವನು ರಾಣಿಯ ಮೇಲೆ ಹೊರಡಬೇಕು.

ಯಲಹಂಕ ನ್ಯೂಟೌನಿನ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಐವತ್ತು ಗಂಟೆ ಆಡಿದೆ. ಆಡುತ್ತ, ಬರೆಯುತ್ತ, ಬರೆದದ್ದನ್ನು ಹೊಡೆದುಹಾಕುತ್ತ ಕಲಿತದ್ದು ಇದು.

1. ಮೊದಲನೇ ಕತ್ತಿಯನ್ನು ನಂಬಬೇಡಿ

ಈ ಆಟದಲ್ಲಿ ಆಯುಧ ಮಾಡುವ ರೀತಿ ಸ್ವಲ್ಪ ವಿಚಿತ್ರ. ಮೊದಲು ನಮೂನೆ, ಲೋಹ, ಅಲಗಿನ ಉದ್ದ, ಹಿಡಿ ಎಲ್ಲ ಆರಿಸಿಕೊಳ್ಳಬೇಕು. ಆಮೇಲೆ ಕಾದ ಲೋಹ ಉದ್ದುದ್ದ ಪಟ್ಟಿಗಳಾಗಿ ಪರದೆಯ ಮೇಲೆ ಹರಡಿಕೊಳ್ಳುತ್ತದೆ, ಅದರ ಮೇಲೊಂದು ಬಾಗಿದ ಗೆರೆ. ಸುತ್ತಿಗೆ ಎಲ್ಲಿ ಬೀಳಬೇಕು, ಎಷ್ಟು ಜೋರಾಗಿ, ಯಾವ ಓರೆಯಲ್ಲಿ ಅನ್ನುವುದನ್ನು ನಾವೇ ಹೊಂದಿಸಿ ಹೊಡೆಯಬೇಕು. ಒಂದು ಕಡೆ ತಗ್ಗಿಸಿದರೆ ಪಕ್ಕದಲ್ಲಿ ಉಬ್ಬುತ್ತದೆ. ಪೆಟ್ಟಿಗೆ ಲೆಕ್ಕವಿದೆ, ಮುಗಿಯುವುದರೊಳಗೆ ಪಟ್ಟಿಗಳು ಗೆರೆಗೆ ಹೊಂದಿಕೊಳ್ಳಬೇಕು. ಎಷ್ಟು ಹತ್ತಿರ ಬಂದಿರಿ ಅನ್ನುವುದರ ಮೇಲೆ ನಕ್ಷತ್ರ. ಆಯುಧವನ್ನು ಮುಂದೆ ಎಷ್ಟು ಸಲ ರಿಪೇರಿ ಮಾಡಬಹುದು ಅನ್ನುವುದು ಆ ನಕ್ಷತ್ರದ ಮೇಲೆ.

ನಾಲ್ಕು ಸಲ ಕೆಡಿಸಿ ಐದನೇ ಸಲಕ್ಕೆ ಒಂದು ಕತ್ತಿ ಮಾಡಿದೆ, ಎರಡೇ ನಕ್ಷತ್ರದ್ದು. ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಎರಡು ಪುಟ ಹೊಗಳಿ ಬರೆದೆ. ಇಪ್ಪತ್ತನೇ ಗಂಟೆಯ ಹೊತ್ತಿಗೆ ಕುಲುಮೆಗೆ ಹೋಗಬೇಕು ಅಂದರೆ ಆಫೀಸಿಗೆ ಹೋದ ಹಾಗೆ ಆಗುತ್ತಿತ್ತು. ಎರಡೂ ಪುಟ ಹೊಡೆದುಹಾಕಿದೆ. ಮೂವತ್ತೈದನೇ ಗಂಟೆಗೆ, ಗುರಾಣಿ ಹಿಡಿದವನೊಬ್ಬ ನನ್ನ ಕತ್ತಿಗಳನ್ನೆಲ್ಲ ಮೊಂಡು ಮಾಡಿ ಕಳಿಸಿದ ಮೇಲೆ, ಅವನಿಗೆಂದೇ ಒಂದು ಸುತ್ತಿಗೆ ಬಡಿದುಕೊಂಡು ಹೋದೆ. ಆಗ ಮತ್ತೆ ಒಂದು ಪುಟ ವಾಪಸ್ ಬಂತು. ಈಗ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಯಾವ ಗಂಟೆಗೆ ಏನನ್ನಿಸಿತು ಅಂತ ಗಂಟೆ ಸಮೇತ ಬರೆದಿಡುತ್ತೇನೆ. ವಿಮರ್ಶೆಯಲ್ಲೂ ಆ ಗಂಟೆ ಹಾಕುತ್ತೇನೆ.

2. ಕುಲುಮೆಯ ಕೆಲಸ ಕಾಳಗದಲ್ಲಿ ಕಾಣಬೇಕು

ಆಯುಧ ಮಾಡುವ ಆಟಗಳು ಹೊಸವೇನಲ್ಲ. ‘ಸಮನ್ ನೈಟ್: ಸ್ವೋರ್ಡ್‌ಕ್ರಾಫ್ಟ್ ಸ್ಟೋರಿ’ 2003ರಲ್ಲೇ ಜಪಾನಿನಲ್ಲಿ ಬಂದಿತ್ತು, ಗೇಮ್‌ಬಾಯ್ ಅಡ್ವಾನ್ಸ್‌ಗೆ. ಅದರ ನಾಯಕ ಕಮ್ಮಾರಿಕೆ ಕಲಿಯುವ ಹುಡುಗ ಅಥವಾ ಹುಡುಗಿ. ‘ಮಾನ್‌ಸ್ಟರ್ ಹಂಟರ್’ 2004ರಿಂದ ಪ್ರಾಣಿಯ ಮೂಳೆ, ಚರ್ಮ ತಂದುಕೊಟ್ಟರೆ ಆಯುಧ ಮಾಡಿಕೊಡುತ್ತದೆ. ಬಹುಪಾಲು ಆಟಗಳಲ್ಲಿ ಸಾಮಾನು ಕೂಡಿಸು, ಬಟನ್ ಒತ್ತು, ಒಂದು ಅಂಕಿ ಮೇಲೇರುತ್ತದೆ. ದಿನಸಿ ಅಂಗಡಿಗೆ ಚೀಟಿ ಕೊಟ್ಟು ಸಾಮಾನು ತಂದ ಹಾಗೆ. ಅದಕ್ಕೆ ಕುಲುಮೆ ಅಂತ ಹೆಸರಿಟ್ಟರೆ ಕುಲುಮೆ ಆಗುವುದಿಲ್ಲ.

‘ಬ್ಲೇಡ್ಸ್ ಆಫ್ ಫೈರ್’ನಲ್ಲಿ ಶತ್ರುವನ್ನು ಕೊಂದರೆ ಅನುಭವದ ಅಂಕ ಬಂದು ಲೆವೆಲ್ ಏರುವ ಕತೆಯೇ ಇಲ್ಲ. ಬಲ ಆಯುಧದಲ್ಲಿದೆ. ಕಂಟ್ರೋಲರಿನ ನಾಲ್ಕು ಬಟನ್ನು ನಾಲ್ಕು ದಿಕ್ಕಿನ ಪೆಟ್ಟು: ಮೇಲಿನದು ತಲೆಗೆ, ಉಳಿದವು ಎಡಕ್ಕೆ, ಬಲಕ್ಕೆ, ಮೈಗೆ. ಶತ್ರುವಿನ ಸುತ್ತ ಹಸಿರು ಗೆರೆ ಕಂಡರೆ ಈ ಆಯುಧ ತಾಗುತ್ತದೆ, ಕೆಂಪಾದರೆ ಇಲ್ಲ. ಕಡಿಯುವುದು, ಚುಚ್ಚುವುದು, ಜಜ್ಜುವುದು ಬೇರೆ ಬೇರೆ. ಆದ್ದರಿಂದ ಕುಲುಮೆಯಲ್ಲಿ ಅಲಗು ಉದ್ದ ಮಾಡಿದ್ದು ಸರಿಯೋ ತಪ್ಪೋ ಅನ್ನುವುದು ಮುಂದಿನ ಹತ್ತು ನಿಮಿಷದಲ್ಲಿ ಕೈಗೇ ಗೊತ್ತಾಗುತ್ತದೆ.

ಇದನ್ನು ಪರೀಕ್ಷಿಸಲು ನನ್ನದೊಂದು ದಡ್ಡ ವಿಧಾನವಿದೆ. ಒಂದೇ ನಮೂನೆಯಲ್ಲಿ ಎರಡು ಆಯುಧ ಮಾಡುವುದು, ಒಂದು ಉದ್ದ-ಭಾರ, ಇನ್ನೊಂದು ಗಿಡ್ಡ-ಹಗುರ. ಒಬ್ಬನೇ ಶತ್ರುವಿನ ಮೇಲೆ ಹತ್ತು ಹತ್ತು ಸಲ. ಆಮೇಲೆ ಪಕ್ಕದ ಮನೆ ಹುಡುಗನ ಕೈಗೆ ಕಂಟ್ರೋಲರ್ ಕೊಟ್ಟು, ಯಾವುದು ಅಂತ ಹೇಳದೆ ಆಡಿಸುವುದು. ಅವನು ವ್ಯತ್ಯಾಸ ಹೇಳಿದರೆ ಆಟ ಗೆದ್ದಿತು. ಇಲ್ಲಿ ಹೇಳಿದ.

ಹಿಂದಿನ ಕತೆ ತಿಳಿದಿದ್ದರೂ ಅನುಕೂಲ. ಮರ್ಕ್ಯುರಿಸ್ಟೀಮ್ ಕಟ್ಟಿದವರಲ್ಲಿ ಕೆಲವರು 2001ರ ‘ಬ್ಲೇಡ್ ಆಫ್ ಡಾರ್ಕ್‌ನೆಸ್’ ಮಾಡಿದ ತಂಡದವರು. ಆರ್.ಟಿ. ನಗರದ ಸೈಬರ್ ಕೆಫೆಯೊಂದರಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಅದನ್ನು ಆಡಿದವನು ನಾನು. ಹೊಸ ಆಟದಲ್ಲಿ ಮೊದಲ ಪೆಟ್ಟು ಬಿದ್ದಾಗಲೇ, ಈ ಮೈಭಾರ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು.

3. ನಿಜವಾದ ಕುಲುಮೆಯನ್ನು ಒಂದು ಸಲವಾದರೂ ನೋಡಿ ಬನ್ನಿ

ಈ ಪಾಠ ಕಲಿಸಿದ್ದು ನಮ್ಮ ದೊಡ್ಡಪ್ಪ. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1984ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಗ್ರಾಫೈಟ್ ಅಚ್ಚಿಗೆ ತುಂಬಿ ಗಾಲಿ ಮಾಡುತ್ತಾರೆ. ಆಕ್ಸಲ್ ಮಾತ್ರ ಎರಕವಲ್ಲ. ಉಕ್ಕಿನ ದಿಮ್ಮಿಯನ್ನು ಕೆಂಪಗೆ ಕಾಯಿಸಿ ಯಂತ್ರದಲ್ಲಿ ಬಡಿದು ಉದ್ದ ಮಾಡುತ್ತಾರೆ. ದೊಡ್ಡಪ್ಪ ಇದ್ದದ್ದು ಆ ಕಡೆ.

ಅವರು ಸೋಫಾದಲ್ಲಿ ಕೂತು ನನ್ನ ಆಟವನ್ನು ಸ್ವಲ್ಪ ಹೊತ್ತು ನೋಡಿದರು.

“ಏನೋ ಅದು, ಬಡೀತಾನೇ ಇದ್ದಾನೆ. ಕಾಯಿಸೋದೇ ಇಲ್ವಾ?”

“ಅದು ಆಟಾನೇ ನೋಡ್ಕೊಳ್ಳುತ್ತೆ ದೊಡ್ಡಪ್ಪ. ನಮ್ಮದು ಬಡಿಯೋದಷ್ಟೆ.”

“ಮತ್ತೆ ಕೆಲಸ ಏನು ಉಳೀತು? ಬಡಿಯೋದು ಮಿಶಿನ್ನೂ ಬಡಿಯುತ್ತೆ. ಕಾವು ನೋಡೋನು ಬೇಕು.”

ಮಾರನೇ ವಾರ ಯಶವಂತಪುರ ಮಾರ್ಕೆಟ್ ಆಚೆ ರಸ್ತೆ ಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಮಚ್ಚು, ಕುಡುಗೋಲು ಮಾಡುವ ಕುಟುಂಬದ ಮುಂದೆ ಹೋಗಿ ನಿಂತೆ. ತಿದಿ ಇರಲಿಲ್ಲ, ಕೈಯಲ್ಲಿ ತಿರುಗಿಸುವ ಬ್ಲೋವರ್. ಲಾರಿಯ ಹಳೇ ಕಮಾನು ಪಟ್ಟಿಯ ತುಂಡು ಇದ್ದಿಲಿನಲ್ಲಿ ಕಾಯುತ್ತಿತ್ತು. ಆತ ಇಕ್ಕಳದಲ್ಲಿ ಎತ್ತಿ ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಟಿಣ್ ಅಂತ ಒಂದು ಕಡೆ ತಟ್ಟಿದ. ಅವನ ಹೆಂಡತಿ ಚಮ್ಮಟಿಗೆ ಎತ್ತಿ ಸರಿಯಾಗಿ ಅಲ್ಲೇ ಹೊಡೆದಳು. ಟಿಣ್, ಧಡ್. ಟಿಣ್, ಧಡ್. ಸಣ್ಣ ಸುತ್ತಿಗೆ ಬಡಿಯುವುದಕ್ಕಲ್ಲ, ಎಲ್ಲಿ ಬಡಿಯಬೇಕು ಅಂತ ಹೇಳುವುದಕ್ಕೆ. ಕಿತ್ತಳೆ ಬಣ್ಣ ಮಾಸಿ ಕಪ್ಪುಗೆಂಪಾದ ತಕ್ಷಣ ಇಬ್ಬರೂ ನಿಲ್ಲಿಸಿದರು, ಪಟ್ಟಿ ಮತ್ತೆ ಬೆಂಕಿಗೆ. ಒಂದು ಮಚ್ಚಿಗೆ ಹೀಗೆ ಆರು ಸಲ ಕಾಯಿಸಿದ್ದನ್ನು ಎಣಿಸಿದೆ. ಕೊನೆಗೆ ಬಾಯಿಯ ಅಂಚನ್ನು ಮಾತ್ರ ನೀರಿಗೆ ತೋರಿಸಿದ. “ಪೂರ್ತಿ ಮುಳುಗಿಸಿದ್ರೆ ಗಾಜಿನ ಥರ ಆಗಿ ಒಡೀತದೆ ಸಾರ್.”

ಮನೆಗೆ ಬಂದು ಮತ್ತೆ ಆಟ ಹಚ್ಚಿದಾಗ ಎರಡು ಕೊರತೆ ಕಣ್ಣಿಗೆ ಹೊಡೆದವು. ಒಂದು, ಕಾವು. ಇನ್ನೊಂದು, ಇದು ಇಬ್ಬರ ಕೆಲಸ ಅನ್ನುವುದು. ಅರಾನ್ ಜೊತೆ ಆಡ್ಸೊ ಅನ್ನುವ ಹುಡುಗನೊಬ್ಬ ಇದ್ದಾನೆ. ಓದಿಕೊಂಡವನು, ಶತ್ರುಗಳ ಬಗ್ಗೆ ಟಿಪ್ಪಣಿ ಬರೆದುಕೊಳ್ಳುತ್ತಾನೆ. ಅವನ ಕೈಗೆ ಚಮ್ಮಟಿಗೆ ಕೊಟ್ಟಿದ್ದರೆ ಆಟ ಎಲ್ಲೋ ಹೋಗುತ್ತಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ ಬಂದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2’ನಲ್ಲಿ ಮಾಯಮಂತ್ರ ಇಲ್ಲ, ಕಮ್ಮಾರನ ಮಗನ ಕತೆ. ಅಲ್ಲಿ ಲೋಹ ತಣ್ಣಗಾದರೆ ಮತ್ತೆ ಕಾಯಿಸಬೇಕು, ತಾಳ ತಪ್ಪದೆ ಬಡಿಯಬೇಕು. ದೊಡ್ಡಪ್ಪನಿಗೆ ಅದು ಹಿಡಿಸಿತು. ನನಗೆ ಮಾತ್ರ ‘ಬ್ಲೇಡ್ಸ್ ಆಫ್ ಫೈರ್’ನ ಒಗಟೇ ಇಷ್ಟ. ನಿಜದ ಹಾಗಿರುವುದೇ ಆಟದ ಗುಣ ಅಂತ ನಾನು ಒಪ್ಪುವುದಿಲ್ಲ. ಆದರೆ ನಿಜದಲ್ಲಿ ಏನನ್ನು ಬಿಟ್ಟಿದ್ದಾರೆ ಅಂತ ಗೊತ್ತಿಲ್ಲದೆ ‘ಅಪ್ಪಟ ಕಮ್ಮಾರಿಕೆಯ ಅನುಭವ’ ಅಂತ ಬರೆಯುವುದಕ್ಕೆ ನಾಚಿಕೆಯಾಗಬೇಕು. ನಾನು ಹಾಗೆ ಬರೆದಿದ್ದೆ, ಹೊಡೆದುಹಾಕಿದ ಆ ಎರಡು ಪುಟದಲ್ಲಿ.

4. ಉಕ್ಕಿಗೆ ಕನ್ನಡ, ಸ್ಟ್ಯಾಮಿನಾಗೆ ಇಂಗ್ಲಿಷ್

ಶುರುವಿನಲ್ಲಿ ಎಲ್ಲವನ್ನೂ ಕನ್ನಡ ಮಾಡಲು ಹೋಗಿ ನಗೆಪಾಟಲಾಗಿದ್ದೆ. ‘ಬಾಸ್ ಫೈಟ್’ಗೆ ‘ಅಧಿಪತಿ ಕಾಳಗ’ ಅಂದವನು ನಾನೇ. ಈಗ ಆಟದ ಮಾತೆಲ್ಲ ಹುಡುಗರು ಆಡುವ ಹಾಗೆಯೇ: ಸೇವ್, ಡಾಡ್ಜ್, ಲಾಕ್. ಕುಲುಮೆ ಕಡೆಯ ಮಾತು ಬಂದರೆ ಇಂಗ್ಲಿಷಿಗೆ ಕೈಚಾಚುವ ದರಿದ್ರ ನಮಗಿಲ್ಲ. ಹದ, ಸಾಣೆ, ಅಲಗು, ಮೊನೆ, ಮೊಂಡು, ಬೆಸುಗೆ. ‘ಈ ಕತ್ತಿಯ ಹದ ಚೆನ್ನಾಗಿಲ್ಲ’ ಅಂದರೆ ದೊಡ್ಡಬಳ್ಳಾಪುರದ ಹಳ್ಳಿಯಿಂದ ಓದುವವನಿಗೂ ಗೊತ್ತಾಗುತ್ತದೆ, ಮನೆಯಲ್ಲಿ ಕುಡುಗೋಲು ಇದ್ದವನಲ್ಲವೇ.

ಇಂಗ್ಲಿಷಿನವರೇ ನಮ್ಮಿಂದ ಕಡ ತಗೊಂಡಿದ್ದಾರೆ. ದಕ್ಷಿಣ ಭಾರತದ ಹೆಸರಾಂತ ಮೂಸೆ ಉಕ್ಕಿಗೆ ಅವರು ಅನ್ನುವ ‘ವೂಟ್ಜ್’ ನಮ್ಮ ‘ಉಕ್ಕು’ ಪದದಿಂದ ಹುಟ್ಟಿದ್ದು ಅನ್ನುತ್ತಾರೆ. 1790ರ ದಶಕದಲ್ಲಿ ಅದರ ಗಟ್ಟಿಗಳು ಲಂಡನ್ನಿಗೆ ಹೋದವು, ಮುಂದೆ ಫ್ಯಾರಡೆಯಂಥ ವಿಜ್ಞಾನಿಯೂ ಅದರ ಗುಟ್ಟು ಹುಡುಕಲು ಕೂತ. ಅಲ್ಲಿನ ಕಮ್ಮಾರರು ತಮ್ಮ ರೂಢಿಯಂತೆ ಬೆಳ್ಳಗೆ ಕಾಯಿಸಿ ಬಡಿದರೆ ಪುಡಿಯಾಗುತ್ತಿತ್ತಂತೆ. ಇಂಗಾಲ ಜಾಸ್ತಿ ಇರುವ ಆ ಉಕ್ಕನ್ನು ಕಡಿಮೆ ಕಾವಿನಲ್ಲಿ, ಕೆಂಪಗಿರುವಾಗಲೇ ತಾಳ್ಮೆಯಿಂದ ಬಡಿಯಬೇಕು. ಮತ್ತೆ ದೊಡ್ಡಪ್ಪನ ಮಾತಿಗೇ ಬಂದೆವು. ಇದರ ಕತೆಯನ್ನೆಲ್ಲ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ 2004ರಲ್ಲಿ ಪುಸ್ತಕ ಮಾಡಿದ್ದಾರೆ. ಇಬ್ಬರೂ ಕೆಲಸ ಮಾಡಿದ್ದು ಯಶವಂತಪುರಕ್ಕೆ ಅಂಟಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಉಕ್ಕನ್ನು ಕಲ್ಲು ಮಾಡಿದ ರಾಣಿಯ ಕತೆಯನ್ನು ಉಕ್ಕು ಅನ್ನುವ ಪದ ಇರುವ ಭಾಷೆಯಲ್ಲಿ ಬರೆಯುವಾಗ ಇಷ್ಟಾದರೂ ಗೊತ್ತಿರಬೇಡವೇ.

5. ಕಳೆದುಕೊಂಡು ನೋಡಿ

ಸತ್ತರೆ ಕೈಯಲ್ಲಿದ್ದ ಆಯುಧ ಅಲ್ಲೇ ಬಿದ್ದಿರುತ್ತದೆ, ವಾಪಸ್ ಹೋಗಿ ಎತ್ತಿಕೊಳ್ಳಬೇಕು. ನಾನೇ ಬಡಿದ ಕತ್ತಿಗಾಗಿ ನಾಲ್ಕು ಸಲ ಸತ್ತಿದ್ದೇನೆ. ಪೆಟ್ಟಿಗೆಯಲ್ಲಿ ಸಿಕ್ಕ ಕತ್ತಿಗಾಗಿ, ಬೇರೆ ಆಟಗಳಲ್ಲಿ, ಒಂದು ಸಲವೂ ಸತ್ತಿಲ್ಲ. ವಿಮರ್ಶೆಯಲ್ಲಿ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯ ಕಾಣಲಿಲ್ಲ.

6. ಯುಪಿಎಸ್ ಹಾಕಿಸಿಕೊಳ್ಳಿ

ಮೇ ತಿಂಗಳು, ಮುಂಗಾರಿಗೆ ಮುಂಚಿನ ಗುಡುಗು, ಹೆಬ್ಬಾಳದ ಕಡೆಯಿಂದ ಮಳೆ. ಮೂರು ನಕ್ಷತ್ರ ಬರಲು ಒಂದೇ ಪೆಟ್ಟು ಬಾಕಿ ಇತ್ತು. ಬೇರೆ ಹೇಳುವುದೇನಿಲ್ಲ.

7. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

ಬೆಂಗಳೂರಿನಲ್ಲಿ ಕೂತು ಗೇಮ್ ವಿಮರ್ಶೆ ಬರೆಯುವವನಿಗೆ ಒಂದು ಅಪಾಯವಿದೆ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಕಂಪನಿ ಶುರುವಾದ ಕಾಲದಿಂದ ಈ ಊರಿನ ಹುಡುಗ ಹುಡುಗಿಯರು ಹೊರದೇಶದ ದೊಡ್ಡ ಆಟಗಳಿಗೆ ಗೋಡೆ, ಗಿಡ, ಗಾಡಿ, ಗನ್ನು ಮಾಡಿಕೊಡುತ್ತಿದ್ದಾರೆ. ಆಟದ ಹೆಸರು ಅಮೆರಿಕದ್ದೋ ಯೂರೋಪಿನದೋ ಇರುತ್ತದೆ, ಅದರ ಬಾಗಿಲ ಚಿಲಕ ಮಾತ್ರ ಇಲ್ಲಿಯದಾಗಿರಬಹುದು. ಒಂದು ಹಳೇ ವಿಮರ್ಶೆಯಲ್ಲಿ ‘ಆಯುಧಗಳೆಲ್ಲ ತಗಡಿನವು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಆರೇಳು ತಿಂಗಳಾದ ಮೇಲೆ ಆರ್.ಟಿ. ನಗರದ ಟೀ ಅಂಗಡಿಯಲ್ಲಿ ಒಬ್ಬರು ಪರಿಚಯ ಮಾಡಿಕೊಂಡರು. ಬೈಯಲಿಲ್ಲ. “ಆ ಕೊಡಲಿ ನಾನೇ ಮಾಡಿದ್ದು ಸಾರ್. ಹನ್ನೊಂದು ಸಲ ವಾಪಸ್ ಕಳಿಸಿದ್ರು” ಅಂದರು, ಅಷ್ಟೇ. ಟೀ ದುಡ್ಡೂ ಅವರೇ ಕೊಟ್ಟರು.

ಹಾಗಂತ ಮೆದುವಾಗಿ ಬರೆಯಬೇಕು ಅನ್ನುತ್ತಿಲ್ಲ. ‘ಬ್ಲೇಡ್ಸ್ ಆಫ್ ಫೈರ್’ನಲ್ಲಿ ದಾರಿ ತಪ್ಪಿಸುವ ಕೋಟೆಗಳಿವೆ, ಕೊಂದವರನ್ನೇ ಮತ್ತೆ ಮತ್ತೆ ಕೊಲ್ಲಿಸುವ ಚಾಳಿಯಿದೆ, ಆಡ್ಸೊ ಮಾತು ಕೆಲವೊಮ್ಮೆ ಕಿವಿ ತಿನ್ನುತ್ತದೆ. ಎಲ್ಲ ಬರೆದೆ. ಆದರೆ ‘ತಗಡು’ ಅಂತ ಬರೆಯುವ ಮುಂಚೆ, ಎಲ್ಲಿ ತಗಡು, ತೂಕದಲ್ಲೋ ಸದ್ದಿನಲ್ಲೋ ಹೊಡೆದ ಮೇಲೆ ಶತ್ರು ಅಲುಗದೇ ನಿಂತದ್ದರಲ್ಲೋ, ಅದನ್ನು ಬಿಡಿಸಿ ಹೇಳುತ್ತೇನೆ. ಕೊನೆಗೆ ಹತ್ತಕ್ಕೆ ಏಳು ಕೊಟ್ಟೆ. ಎಂಟು ಕೊಡಬೇಕಿತ್ತು ಅಂತ ಒಂದಷ್ಟು ಜನ, ಐದೇ ಸಾಕಿತ್ತು ಅಂತ ಇನ್ನೊಂದಷ್ಟು ಜನ ಬೈದರು. ಒಳಗಿನ ನಾಲ್ಕು ಪುಟದ ಬಗ್ಗೆ ಕೇಳಿದವರು ಇಬ್ಬರೇ.

8. ಕಂಟ್ರೋಲರ್ ಒರೆಸಿಡಿ

ಆ ವರ್ಷದ ಆಯುಧಪೂಜೆಗೆ ದೊಡ್ಡಪ್ಪ ಎಂದಿನಂತೆ ಸ್ಪ್ಯಾನರು, ಸುತ್ತಿಗೆ, ಸ್ಕೂಟರು ಎಲ್ಲ ತೊಳೆದು ಸಾಲಾಗಿಟ್ಟರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಸಾಲಿನ ಕೊನೆಯಲ್ಲಿ ನನ್ನ ಕಂಟ್ರೋಲರೂ ಇತ್ತು, ಅದರ ಮೇಲೆ ಅರಿಶಿನ, ಕುಂಕುಮ, ಒಂದು ಸೇವಂತಿಗೆ. ಯಾಕೆ ಅಂತ ಕೇಳಿದ್ದಕ್ಕೆ, “ಐವತ್ತು ಗಂಟೆ ಕತ್ತಿ ಬಡಿದಿದ್ದು ಇದರಲ್ಲೇ ತಾನೆ?” ಅಂದರು. ತಲೆಗೆ ಹೊಡೆಯುವ ಮೇಲಿನ ಬಟನ್ ಈಗಲೂ ಸ್ವಲ್ಪ ಅಂಟುತ್ತದೆ.